ಅಂಕದ ಹಾಳೆ ಮತ್ತು ಅವ್ವನ ಕಣ್ಣು

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯನ್ನು ನಾವು ಯಾವಾಗಲೂ ಬೇರೆಯವರ ಮಕ್ಕಳನ್ನು ನೋಡಿಯೇ ಹೇಳುತ್ತೇವೆ. ನಮ್ಮ ಮನೆಯ ಹೆಗ್ಗಣ ನಮಗೆ ಹೆಗ್ಗಣವಾಗಿ ಕಂಡದ್ದುಂಟೇ? ಈ ಗಾದೆಯ ಬಲ ಪೂರ್ತಿ ತಿಳಿಯಬೇಕಾದರೆ ಶಾಲಾ ಮಕ್ಕಳ ಕ್ರೀಡಾಕೂಟಕ್ಕೆ ಹೋಗಿ, ಸ್ಕೋರ್ ಬರೆಯುವ ಮೇಜಿನ ಪಕ್ಕದಲ್ಲಿ ಒಂದು ತಾಸು ನಿಲ್ಲಬೇಕು. ನಾನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಆ ಮೇಜಿನ ಹಿಂದೆ ಕುಳಿತವಳು.

ನಾನು ಆಟದ ಟೀಚರಲ್ಲ. ಕಲಿಸುವುದು ಕನ್ನಡ ಮತ್ತು ಸಮಾಜ. ಆದರೆ ಹುಡುಗಿಯರ ಆಟ ನಡೆಯುವಾಗ ಮೇಜಿನ ಹತ್ತಿರ ಒಬ್ಬ ಹೆಣ್ಣುಮಗಳು ಇರಲಿ ಎಂದು ಯಾರೋ ಹೇಳಿದರು, ನನ್ನ ಅಕ್ಷರ ದುಂಡಗಿದೆ ಎಂದು ಇನ್ಯಾರೋ ಹೇಳಿದರು, ಅಲ್ಲಿಗೆ ನನ್ನ ಹಣೆಬರಹ ನಿಶ್ಚಯವಾಯಿತು. ಭಾಲ್ಕಿ ತಾಲ್ಲೂಕಿನ ಹಲಬರ್ಗಾ, ನಿಟ್ಟೂರು, ಖಟಕ ಚಿಂಚೋಳಿ ಕಡೆಯ ಶಾಲೆಗಳಲ್ಲಿ ಹುಡುಗಿಯರ ಆಟವೆಂದರೆ ಮೊದಲು ಖೋಖೋ. ಅದಕ್ಕೆ ಬೇಕಾಗುವುದು ಎರಡು ಕಂಬ, ಒಂದು ಡಬ್ಬಿ ಸುಣ್ಣದ ಪುಡಿ, ಒಂದು ಸೀಟಿ. ಬ್ಯಾಟು, ಚೆಂಡು, ಜಾಲ ಯಾವುದೂ ಬೇಡ. ಮಳೆ ಬಿದ್ದು ಕರಿಮಣ್ಣು ಅಂಟಿಕೊಳ್ಳುವ ದಿನಗಳಲ್ಲಿ ಮಾತ್ರ ಕೂಟ ಒಂದು ವಾರ ಮುಂದೆ ಹೋಗುತ್ತದೆ.

ಕೂಟ ಬರುವುದು ಸರಿಯಾಗಿ ಹೆಸರು, ಉದ್ದು ಬಿಡಿಸುವ ದಿನಗಳಲ್ಲಿ. ಹೊಲದ ಕೂಲಿಗೆ ಕೈ ಸಾಲದ ಕಾಲ ಅದು. ಆದರೂ ಮಗಳು ಆಡುತ್ತಾಳೆ ಎಂದರೆ ತಾಯಂದಿರು ಅರ್ಧ ದಿನದ ಕೂಲಿ ಬಿಟ್ಟು, ಕಾಯಿ ಬಿಡಿಸಿ ಕಪ್ಪಾದ ಬೆರಳುಗಳಲ್ಲೇ ಸೆರಗು ಹಿಡಿದುಕೊಂಡು ಬರುತ್ತಾರೆ. ಅವರು ನಿಲ್ಲುವುದು ಎಲ್ಲಿ ಅಂತೀರಿ? ಶಾಮಿಯಾನದ ನೆರಳಿನಲ್ಲಲ್ಲ, ನನ್ನ ಬೆನ್ನ ಹಿಂದೆ. ‘ದಯವಿಟ್ಟು ಸ್ಕೋರರ್ ಮೇಜಿನ ಹತ್ತಿರ ಯಾರೂ ನಿಲ್ಲಬಾರದು’ ಎಂದು ಮೈಕಿನಲ್ಲಿ ಹತ್ತು ಸಲ ಕೂಗಿದರೂ ಅದು ತಮಗಲ್ಲ ಎಂದೇ ಎಲ್ಲರೂ ತಿಳಿದಿರುತ್ತಾರೆ. ಓದು ಬಾರದ ತಾಯಿಯೂ ತನ್ನ ಮಗಳ ಅಂಗಿಯ ನಂಬರು ಹಾಳೆಯಲ್ಲಿ ಎಲ್ಲಿದೆ ಎಂದು ಗುರುತು ಹಿಡಿದಿರುತ್ತಾಳೆ.

ಆ ಹಾಳೆಯ ಸಂಗತಿಯನ್ನು ಸ್ವಲ್ಪ ಹೇಳಬೇಕು, ಇಲ್ಲವಾದರೆ ಮುಂದಿನದು ತಿಳಿಯುವುದಿಲ್ಲ. ಖೋಖೋದಲ್ಲಿ ಒಂದು ತಂಡದ ಎಂಟು ಜನ ನಡುಗೆರೆಯ ಮೇಲೆ ಒಬ್ಬರು ಆಚೆ ಮುಖ, ಒಬ್ಬರು ಈಚೆ ಮುಖ ಮಾಡಿ ಕೂಡುತ್ತಾರೆ. ಒಂಬತ್ತನೆಯವಳು ಚೇಸರ್, ಬೆನ್ನಟ್ಟುವವಳು. ಎದುರು ತಂಡದ ರನ್ನರುಗಳು ಮೂರು ಮೂರು ಜನರಾಗಿ ಒಳಗೆ ಬರುತ್ತಾರೆ. ಯಾರ ಹಿಂದೆ ಯಾರು ಎಂದು ಮೊದಲೇ ಸ್ಕೋರರಿಗೆ ಬರೆಸಿರಬೇಕು. ಒಬ್ಬಳು ಔಟಾದರೆ ನಮ್ಮ ಶಾಲಾ ಕೂಟಗಳಲ್ಲಿ ಬೆನ್ನಟ್ಟುವ ತಂಡಕ್ಕೆ ಒಂದು ಅಂಕ. ಔಟಾಗುವುದಕ್ಕೆ ಮುಖ್ಯವಾಗಿ ಎರಡು ದಾರಿ. ಚೇಸರ್ ಕೈಯಿಂದ ಮುಟ್ಟಬೇಕು, ಇಲ್ಲವೇ ರನ್ನರ್ ತಾನೇ ಎರಡೂ ಕಾಲು ಗೆರೆಯ ಆಚೆ ಇಡಬೇಕು. ಎರಡರಲ್ಲಿ ಯಾವುದಾದರೂ ತಂಡಕ್ಕೆ ಅಂಕ ಒಂದೇ. ಆದರೆ ಹಾಳೆಯಲ್ಲಿ ಔಟಾದವಳ ನಂಬರಿನ ಪಕ್ಕ ಔಟ್ ಮಾಡಿದವಳ ನಂಬರು ಬರೆಯುವ ಒಂದು ಖಾನೆ ಇರುತ್ತದೆ. ಮುಟ್ಟಿದ್ದರೆ ಅಲ್ಲಿ ಚೇಸರಿನ ನಂಬರು ಬರುತ್ತದೆ. ಗೆರೆ ದಾಟಿದ್ದರೆ ನಾವು ಅಲ್ಲಿ ಒಂದು ಅಡ್ಡಗೆರೆ ಎಳೆಯುತ್ತೇವೆ.

ಜಗಳವೆಲ್ಲ ಹುಟ್ಟುವುದು ಆ ಬೆರಳಗಲದ ಖಾನೆಯಲ್ಲಿ. ಗೆಲುವು ಸೋಲಿಗೂ ಅದಕ್ಕೂ ಸಂಬಂಧವಿಲ್ಲ. ತಂಡದ ಅಂಕವನ್ನು ಊರಿಗೆ ಊರೇ ಎಣಿಸುತ್ತಿರುತ್ತದೆ, ಅಲ್ಲಿ ಯಾರೂ ಕೈಯಾಡಿಸಲಾರರು. ಖಾನೆಯನ್ನು ಎಣಿಸುವವಳು ಒಬ್ಬಳೇ, ಆ ಹುಡುಗಿಯ ತಾಯಿ.

‘ನಮ್ಮ ಪೋರಿ ಮುಟ್ಟ್ಯಾಳ್ರಿ ಬಾಯಿ, ನಾ ಕಣ್ಣಾರೆ ನೋಡೀನಿ.’ ನಮ್ಮ ಕಡೆ ಹೆಣ್ಣು ಟೀಚರಿಗೆ ಬಾಯಿ ಎನ್ನುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಆಚೆಯಿಂದ ಮತ್ತೊಬ್ಬಳು ಮರಾಠಿಯಲ್ಲಿ ‘ಹಾತ್ ಲಾಗಲಾ ನಾಹೀ’ ಎನ್ನುತ್ತಾಳೆ. ಮೂರನೆಯವಳು ಉರ್ದುವಿನಲ್ಲಿ ದೇವರ ಆಣೆ ಇಡುತ್ತಾಳೆ. ಗಡಿನಾಡಿನ ಮೈದಾನದಲ್ಲಿ ಒಂದೇ ಹುಡುಗಿಯ ಬೆನ್ನನ್ನು ಮೂರು ಭಾಷೆಗಳಲ್ಲಿ ಮುಟ್ಟಬಹುದು, ಮುಟ್ಟದೆಯೂ ಇರಬಹುದು.

ಈ ತಾಯಂದಿರು ಸುಳ್ಳು ಹೇಳುತ್ತಾರೆ ಎಂದು ಮೊದಮೊದಲು ನಮ್ಮ ಆಟದ ಮಾಸ್ತರರು ಸಿಟ್ಟಾಗುತ್ತಿದ್ದರು. ನನಗೆ ಹಾಗೆ ಎಂದೂ ಅನಿಸಲಿಲ್ಲ. ಅವರ ಮುಖ ನೋಡಿದರೆ ಗೊತ್ತಾಗುತ್ತದೆ, ಅವರು ನಿಜವಾಗಿಯೂ ನೋಡಿರುತ್ತಾರೆ. ಮಗಳ ಕೈ ಮುಂದೆ ಚಾಚಿದಾಗ ತಾಯಿಯ ಕಣ್ಣು ಆ ಕೈಗಿಂತ ಒಂದು ಗೇಣು ಮುಂದೆ ಹೋಗಿ ಮುಟ್ಟಿ ಬಂದಿರುತ್ತದೆ. ಇದಕ್ಕೆ ಮೋಸ ಎಂದು ಹೆಸರಿಡಲು ನನಗೆ ಮನಸ್ಸಿಲ್ಲ. ಮೋಸವಾಗಿದ್ದರೆ ಎಷ್ಟೋ ಸುಲಭವಿತ್ತು. ಮೋಸ ಮಾಡುವವರಿಗೆ ತಾವು ಮೋಸ ಮಾಡುತ್ತಿದ್ದೇವೆ ಎಂಬುದಾದರೂ ಗೊತ್ತಿರುತ್ತದೆ.

ಮೊಬೈಲು ಬಂದ ಮೇಲೆ ಇನ್ನು ಈ ತಕರಾರು ಮುಗಿಯಿತು, ಸಾಕ್ಷಿ ಸಿಕ್ಕಿತು ಎಂದುಕೊಂಡೆವು. ಎಲ್ಲ ಅವ್ವಂದಿರ ಕೈಯಲ್ಲೂ ವಿಡಿಯೋ. ಒಂದೆರಡು ಸಲ ನಾನೂ ಕುತೂಹಲಕ್ಕೆ ಇಸಿದುಕೊಂಡು ನೋಡಿದೆ. ಏನು ಹೇಳಲಿ! ಅವ್ವ ತೆಗೆದ ವಿಡಿಯೋದಲ್ಲಿ ಮೊದಲಿಂದ ಕೊನೆಯವರೆಗೂ ಮಗಳೊಬ್ಬಳೇ ಇದ್ದಾಳೆ. ಮುಂದೆ ಓಡುವ ಹುಡುಗಿಯ ಬೆನ್ನಾಗಲಿ, ಕಾಲಾಗಲಿ, ಸುಣ್ಣದ ಗೆರೆಯಾಗಲಿ ಚೌಕಟ್ಟಿನ ಒಳಗೇ ಬಂದಿಲ್ಲ.

ಇದು ನಮ್ಮ ಹಳ್ಳಿಗಾಡಿನ ಕತೆ ಮಾತ್ರ ಎಂದುಕೊಂಡಿದ್ದೆ. ನನ್ನ ತಮ್ಮ ಹೈದರಾಬಾದಿನಲ್ಲಿ ಕೆಲಸಕ್ಕಿದ್ದವನು ಅಲ್ಲಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ್ದಾನೆ. ಅವನ ಮಗಳಿಗೆ ಹನ್ನೆರಡು ವರ್ಷ, ಶನಿವಾರ ಶನಿವಾರ ಸಾಫ್ಟ್‌ಬಾಲ್ ಆಡುತ್ತಾಳೆ. ಅಲ್ಲಿ ಮಕ್ಕಳ ಆಟಕ್ಕೆ ಸ್ಕೋರ್ ಬರೆಯಲು ಸರ್ಕಾರಿ ಟೀಚರುಗಳಿಲ್ಲ, ತಾಯಿ ತಂದೆಯರೇ ಪಾಳಿಯ ಮೇಲೆ ಬರೆಯಬೇಕು. ಹೋದ ವರ್ಷ ತಮ್ಮನ ಹೆಂಡತಿಯ ಪಾಳಿ ಬಂತು. ಒಂದು ರಾತ್ರಿ ಫೋನು ಮಾಡಿ, ‘ವೈನಿ, ನೀವು ಇಷ್ಟು ವರ್ಷ ಹ್ಯಾಂಗ ಬರದೀರಿ? ನನಗ ಎರಡೇ ತಿಂಗಳಿಗೆ ಸಾಕಾತು’ ಎಂದಳು. ಉಳಿದ ತಾಯಂದಿರು ಅವಳೊಡನೆ ಮಾತು ಕಡಿಮೆ ಮಾಡಿದ್ದರಂತೆ. ಮಗಳಿಗೆ ‘ಹಿಟ್’ ಹೆಚ್ಚು ಬರೆಯುತ್ತಾಳೆ ಎಂಬ ಗುಮಾನಿ.

ಆ ಆಟದ ಲೆಕ್ಕವನ್ನು ಅವಳಿಂದ ಕೇಳಿ ತಿಳಿದುಕೊಂಡೆ. ಸಾಫ್ಟ್‌ಬಾಲ್ ಎಂದರೆ ಹೆಚ್ಚು ಕಡಿಮೆ ಬೇಸ್‌ಬಾಲಿನ ತಂಗಿ. ಹುಡುಗಿ ಬ್ಯಾಟಿನಿಂದ ಚೆಂಡು ಹೊಡೆದು ಮೊದಲನೇ ಮೂಲೆಯನ್ನು ಮುಟ್ಟಿದಳು ಎನ್ನಿ. ಅವಳ ಹೊಡೆತ ಚೆನ್ನಾಗಿದ್ದುದರಿಂದ ಮುಟ್ಟಿದ್ದರೆ ಪುಸ್ತಕದಲ್ಲಿ ‘ಹಿಟ್’ ಎಂದು ಬರೆಯಬೇಕು. ಚೆಂಡನ್ನು ಹಿಡಿಯಬೇಕಾದವಳು ಕೈಬಿಟ್ಟದ್ದರಿಂದ ಮುಟ್ಟಿದ್ದರೆ ‘ಎರರ್’, ಅಂದರೆ ತಪ್ಪು ಎಂದು ಬರೆಯಬೇಕು. ಎರಡರಲ್ಲೂ ಹುಡುಗಿ ಅದೇ ಮೂಲೆಯಲ್ಲಿ ನಿಂತಿರುತ್ತಾಳೆ, ತಂಡಕ್ಕೆ ವ್ಯತ್ಯಾಸವಿಲ್ಲ. ವ್ಯತ್ಯಾಸವಾಗುವುದು ಹುಡುಗಿಯ ಸ್ವಂತ ಲೆಕ್ಕಕ್ಕೆ. ಸಾಧಾರಣ ಪ್ರಯತ್ನದಿಂದ ಆ ಚೆಂಡನ್ನು ಹಿಡಿಯಬಹುದಿತ್ತೇ ಇಲ್ಲವೇ ಎಂದು ತೂಗಿ ನೋಡಿ ಬರೆಯಬೇಕಾದವರು ಸ್ಕೋರರೇ. ನಮ್ಮ ಖೋಖೋ ಹಾಳೆಯ ಖಾನೆಗೆ ಅಮೆರಿಕದಲ್ಲೊಂದು ಅವಳಿ ಸಿಕ್ಕಿದ ಹಾಗಾಯಿತು ನನಗೆ!

‘ಮಗಳು ಬ್ಯಾಟ್ ಹಿಡಿದಾಗ ಹಿಟ್ ಅಂತ ಬರೀಬೇಕು ಅನಸ್ತದ. ಅವಳೇ ಚೆಂಡು ಎಸೆಯೋಳಾದ್ರ ಅಂಥದೇ ಹೊಡೆತಕ್ಕ ಎರರ್ ಅಂತ ಬರೀಬೇಕು ಅನಸ್ತದ. ಅವಳೇ ಚೆಂಡು ಕೈಬಿಟ್ಟಾಗ ಮತ್ತ ಹಿಟ್ ಅನಸ್ತದ’ ಎಂದು ನಕ್ಕಳು. ಚೆಂಡು ಎಸೆಯುವವಳ ಲೆಕ್ಕದಲ್ಲಿ ಹಿಟ್ ಎಂದರೆ ಅವಳಿಗೆ ಹೊಡೆತ ಬಿತ್ತು ಎಂದರ್ಥ, ಎರರ್ ಎಂದರೆ ಹಿಡಿಯಬೇಕಾದ ಇನ್ನೊಬ್ಬ ಹುಡುಗಿಯ ತಪ್ಪು. ಚೆಂಡು ಒಂದೇ, ಮಗಳು ಎಲ್ಲಿ ನಿಂತಿದ್ದಾಳೆ ಎಂಬುದರ ಮೇಲೆ ಹೆಸರು ಮೂರು ಸಲ ಬದಲಾಯಿತು. ಅದರಲ್ಲೂ ಎರರ್ ಎಂದು ಬರೆದಾಗ ಅದು ಇನ್ನೊಬ್ಬರ ಮಗಳ ಲೆಕ್ಕಕ್ಕೆ ಕಳಂಕವಾಗಿ ಅಂಟಿಕೊಳ್ಳುತ್ತದೆ. ಆ ದೇಶದ ದೊಡ್ಡವರ ಬೇಸ್‌ಬಾಲಿನಲ್ಲೂ ಈ ತಾಪತ್ರಯವಿತ್ತು. 1979ರವರೆಗೆ ಅಲ್ಲಿಯ ಪತ್ರಿಕೆಗಳ ಕ್ರೀಡಾ ವರದಿಗಾರರೇ ಅಧಿಕೃತ ಸ್ಕೋರರುಗಳಾಗಿರುತ್ತಿದ್ದರು. ಇವತ್ತು ತಾವು ಎರರ್ ಬರೆದ ಆಟಗಾರನ ಮುಂದೆ ನಾಳೆ ಮಾತಿಗಾಗಿ ಹೋಗಿ ನಿಲ್ಲಬೇಕು, ಹೇಗಾದೀತು? ಪತ್ರಿಕೆಗಳೇ ಒಂದೊಂದಾಗಿ ತಮ್ಮವರಿಗೆ ಈ ಕೆಲಸ ಬೇಡವೆಂದವು. 1980ರಿಂದ ಬೇರೆ ಜನರನ್ನು ನೇಮಿಸಿದರು.

ಇಷ್ಟೆಲ್ಲ ಹೇಳಿ ನಾನು ತಾಯಂದಿರನ್ನಷ್ಟೇ ದೂರುತ್ತಿದ್ದೇನೆ ಎಂದುಕೊಳ್ಳಬೇಡಿ. ಇದರ ಮತ್ತೊಂದು ಮಗ್ಗುಲು ಇದೆ, ಅದನ್ನು ಟೀಚರ ಮಕ್ಕಳು ಮಾತ್ರ ಬಲ್ಲರು. ನನ್ನ ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರ. ನಾನು ಎರಡು ವರ್ಷ ಅವರದೇ ತರಗತಿಯಲ್ಲಿ ಓದಿದೆ. ಲೆಕ್ಕದಲ್ಲಿ ನನ್ನದೂ ನನ್ನ ಗೆಳತಿಯದೂ ಹತ್ತಕ್ಕೆ ಹತ್ತು ಸರಿಯಾಗಿದ್ದರೆ ಅವಳಿಗೆ ಹತ್ತು, ನನಗೆ ಒಂಬತ್ತು. ಆ ಒಂದು ಅಂಕ ಯಾಕೆ ಹೋಯಿತು ಎಂದು ಕೇಳುವ ಧೈರ್ಯ ಇರಲಿಲ್ಲ. ಊರ ಜನ ಕಟ್ಟೆಯ ಮೇಲೆ ಕುಳಿತು, ‘ಮಾಸ್ತರ ಅಂದ್ರ ಹಿಂಗಿರಬೇಕು, ಸ್ವಂತ ಮಗಳಂತ ಒಂದ್ ಮಾರ್ಕ್ ಬಿಡಲಿಲ್ಲ’ ಎಂದು ಹೊಗಳುತ್ತಿದ್ದರು. ಅಪ್ಪ ಬಹಳ ಒಳ್ಳೆಯವರು, ಸಂಬಳದ ದಿನ ನನಗೆ ಬಾಲುಶಾಹಿ ತಾರದೆ ಮನೆಗೆ ಬಂದವರಲ್ಲ. ಆದರೂ ಅವರ ಆ ಹೆಸರಿನ ಖರ್ಚು ವಾರಕ್ಕೆ ಒಂದೊಂದು ಅಂಕದಂತೆ ನನ್ನ ಲೆಕ್ಕದಿಂದ ಹೋಯಿತು ಎಂಬುದನ್ನು ಈ ವಯಸ್ಸಿನಲ್ಲೂ ನಾನು ಮರೆತಿಲ್ಲ. ಮಗಳಿಗೆ ಹೆಚ್ಚು ಕೊಡುವುದು ಹೇಗೆ ಪಕ್ಷಪಾತವೋ ಕಡಿಮೆ ಕೊಡುವುದೂ ಹಾಗೆಯೇ ಪಕ್ಷಪಾತ. ಎರಡನೆಯದಕ್ಕೆ ಊರಿನಲ್ಲಿ ಹಾರ ಹಾಕುತ್ತಾರೆ ಅಷ್ಟೆ.

ಹೀಗಾಗಿ ನನ್ನ ಮಗಳು ಒಂಬತ್ತನೇ ತರಗತಿಯಲ್ಲಿ ನಮ್ಮ ಶಾಲೆಯ ಖೋಖೋ ತಂಡಕ್ಕೆ ಸೇರಿದಾಗ ನನಗೆ ಎರಡು ಭಯವಿತ್ತು. ಅವಳಿಗೆ ಕೊಡಬಾರದ್ದನ್ನು ಕೊಟ್ಟೇನು ಎಂಬುದು ಒಂದು, ಕೊಡಬೇಕಾದ್ದನ್ನು ಕೊಡದೇ ಹೋದೇನು ಎಂಬುದು ಇನ್ನೊಂದು.

ಆ ವರ್ಷದ ವಲಯ ಮಟ್ಟದ ಕೂಟದಲ್ಲಿ ಹುಡುಗಿಯರ ಕೊನೆಯ ಪಂದ್ಯಕ್ಕೆ ಸ್ಕೋರ್ ಬರೆಯಬೇಕಾದವರು ಜ್ವರವೆಂದು ಬರಲಿಲ್ಲ. ಕೂಟ ನಡೆಸುತ್ತಿದ್ದ ಮಾಸ್ತರರು ಹಾಳೆ ಹಿಡಿದುಕೊಂಡು ನನ್ನ ಹತ್ತಿರ ಬಂದರು. ನನ್ನ ಮಗಳು ಆಡುತ್ತಿದ್ದಾಳೆ, ಬೇರೆಯವರನ್ನು ನೋಡಿ ಎಂದೆ. ‘ನಿಮ್ಮ ಮ್ಯಾಲ ನಂಬಿಕಿ ಇಲ್ದವರು ಯಾರದಾರ್ರಿ ಬಾಯಿ?’ ಎಂದರು. ನಂಬಿಕೆಯ ಮಾತಲ್ಲ ಎಂದರೂ ಕೇಳಲಿಲ್ಲ. ಬಿಸಿಲು ಇಳಿಯುತ್ತಿತ್ತು, ದೂರದ ಶಾಲೆಯ ಹುಡುಗಿಯರು ಬಸ್ಸು ಹಿಡಿಯಬೇಕಾಗಿತ್ತು.

ನಮ್ಮ ಯಜಮಾನರು ಕ್ರಿಕೆಟ್ ಹುಚ್ಚಿನವರು. ಕ್ರಿಕೆಟ್ಟಿನ ನಿಯಮದ ಪ್ರಕಾರ ಸ್ಕೋರರುಗಳು ಇಬ್ಬರಿರಬೇಕು, ಆಟದುದ್ದಕ್ಕೂ ಇಬ್ಬರೂ ಲೆಕ್ಕ ತಾಳೆ ನೋಡುತ್ತಿರಬೇಕು ಎಂದು ಅವರು ಯಾವಾಗಲೋ ಹೇಳಿದ್ದು ನೆನಪಿಗೆ ಬಂತು. ಎದುರು ಶಾಲೆಯಿಂದಲೂ ಒಬ್ಬರು ಇನ್ನೊಂದು ಹಾಳೆ ಹಿಡಿದು ನನ್ನ ಪಕ್ಕದಲ್ಲಿ ಕೂಡಲಿ, ಹಾಗಾದರೆ ಮಾತ್ರ ಬರೆಯುತ್ತೇನೆ ಎಂದು ಹಟ ಹಿಡಿದೆ. ಹೊಸದಾಗಿ ಕೆಲಸಕ್ಕೆ ಸೇರಿದ ಒಬ್ಬ ಟೀಚರನ್ನು ಕಳಿಸಿದರು. ‘ನನಗ ಖೋಖೋ ಬರಲ್ರಿ ಮೇಡಂ’ ಎಂದು ಆಕೆ ಮುದುಡಿ ಕುಳಿತಳು. ನಂಬರು ಬರೆಯಲು ಬಂದರೆ ಸಾಕಮ್ಮ ಎಂದೆ.

ಆ ವರ್ಷ ಕಿರಾಣಿ ಅಂಗಡಿಯವರೊಬ್ಬರು, ಕೊನೆಯ ಪಂದ್ಯದಲ್ಲಿ ಅತಿ ಹೆಚ್ಚು ಜನರನ್ನು ಮುಟ್ಟಿ ಔಟ್ ಮಾಡಿದ ಹುಡುಗಿಗೆ ಒಂದು ಕೈಗಡಿಯಾರ ಇಟ್ಟಿದ್ದರು. ಕೆಂಪು ಪಟ್ಟಿಯದು, ಗಾಜಿನ ಡಬ್ಬಿಯಲ್ಲಿಟ್ಟು ಬೆಳಗಿನಿಂದ ಮೇಜಿನ ಮೇಲೆ ತೋರಿಸುತ್ತಿದ್ದರು. ಪಂದ್ಯ ಮುಗಿಯಲು ಇನ್ನೊಂದು ನಿಮಿಷವಿದೆ ಎನ್ನುವಾಗ ಹಾಳೆಯಲ್ಲಿ ನನ್ನ ಮಗಳ ನಂಬರು ಮೂರು ಸಲ, ಅವಳದೇ ತಂಡದ ಇನ್ನೊಬ್ಬ ಹುಡುಗಿಯ ನಂಬರು ಮೂರು ಸಲ ಇತ್ತು. ಆ ಹುಡುಗಿಯ ತಾಯಿ ನನ್ನ ಬೆನ್ನ ಹಿಂದೆಯೇ ನಿಂತಿದ್ದಳು. ಹೆಸರು ಬಿಡಿಸುವ ಕೂಲಿ ಬಿಟ್ಟು ಬಂದವಳು, ಒಂದು ಮಾತೂ ಆಡದೆ ನಿಂತಿದ್ದಳು.

ಆಗ ನನ್ನ ಮಗಳಿಗೆ ಖೋ ಸಿಕ್ಕಿತು. ಕಂಬದ ಹತ್ತಿರದಿಂದ ಎದ್ದು ಓಡಿದಳು. ಮುಂದಿನ ಹುಡುಗಿ ಗೆರೆಯ ಕಡೆಗೆ ಹೊರಳಿದಳು. ಇವಳು ಚಾಚಿ ಬಿದ್ದಳು. ರನ್ನರ್ ಗೆರೆಯ ಆಚೆ ಹೋಗಿ ನಿಂತಳು. ಸೀಟಿ ಊದಿತು, ಔಟು. ತಂಡಕ್ಕೆ ಅಂಕ ಬಂತು, ಚಪ್ಪಾಳೆಯೂ ಬಿತ್ತು. ಮುಟ್ಟಿದ್ದೋ, ಗೆರೆ ದಾಟಿದ್ದೋ? ನನ್ನ ಕಣ್ಣಿಗೆ ಸ್ಪಷ್ಟವಾಗಿ ಕಂಡಿತ್ತು, ಮಗಳ ಬೆರಳ ತುದಿ ಆ ಹುಡುಗಿಯ ಅಂಗಿಯ ಮೇಲೆ ತಾಕಿ ಅಂಗಿ ಅಲುಗಿತು. ಈಗ ಬರೆಯುವಾಗಲೂ ಕಾಣುತ್ತಿದೆ.

ಪಕ್ಕದ ಟೀಚರಮ್ಮನ ಕಡೆ ನೋಡಿದೆ. ಆಕೆ ಪೆನ್ನು ಎತ್ತಿ ಹಿಡಿದು, ‘ನೀವು ಬರದಿದ್ದೇ ಬರಕೋತೀನಿ ಮೇಡಂ’ ಎಂದಳು. ಇಬ್ಬರು ಸ್ಕೋರರುಗಳ ನನ್ನ ಏರ್ಪಾಡಿನ ತೂತು ಆಗ ಕಂಡಿತು. ಅವರ ತಂಡದ ಹುಡುಗಿ ಔಟಾದದ್ದು ಆಯಿತು. ನಮ್ಮಲ್ಲಿ ಯಾರ ಹೆಸರಿಗೆ ಬರೆದುಕೊಂಡರೆ ಆಕೆಗೇನು? ಈ ಖಾನೆಯಲ್ಲಿ ನನ್ನ ಎದುರು ಪಕ್ಷ ಎದುರಿನ ಶಾಲೆಯಲ್ಲ, ನನ್ನ ಬೆನ್ನ ಹಿಂದೆ ಸುಮ್ಮನೆ ನಿಂತ ಆ ತಾಯಿ.

ನಾನು ಅಂಪೈರ್ ಮಾಸ್ತರರನ್ನು ಕರೆದು ಕೇಳಿದೆ. ಅವರು, ‘ಎರಡೂ ಕಾಲು ಗೆರಿ ದಾಟಿದ್ದು ನೋಡೀನ್ರಿ, ಔಟ್ ಅದಕ್ಕೇ ಕೊಟ್ಟೀನಿ. ಕೈ ತಾಕಿದ್ದು ನಾ ನೋಡಿಲ್ಲ. ನಿಮಗ ಕಂಡಿದ್ರ ಬರಕೋರಿ’ ಎಂದರು. ಸಲುಗೆಯ ಮಾತು, ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಸ್ಕೋರರ್ ಎಂದರೆ ಸಾಕ್ಷಿಯಲ್ಲವಲ್ಲ. ಅಂಪೈರ್ ಕೊಟ್ಟದ್ದನ್ನು ಬರೆಯುವವಳು ಸ್ಕೋರರ್. ಅಂಪೈರ್ ಕೊಟ್ಟದ್ದು ಗೆರೆ. ಖಾನೆಯಲ್ಲಿ ಅಡ್ಡಗೆರೆ ಎಳೆದೆ. ಪಕ್ಕದವಳೂ ಎಳೆದಳು.

ಮೂರು ಮೂರು ಸಮವಾಯಿತು. ಚೀಟಿ ಎತ್ತಿಸಿದರು. ಗಡಿಯಾರ ಆ ಇನ್ನೊಬ್ಬ ಹುಡುಗಿಗೆ ಹೋಯಿತು. ಅವಳ ತಾಯಿ ಡಬ್ಬಿಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು, ನನ್ನ ಕಡೆ ನೋಡದೆ ಹೋದಳು. ನೋಡಿದ್ದರೆ ನನಗೆ ಕಷ್ಟವಾಗುತ್ತಿತ್ತು ಎಂದು ಅವಳಿಗೆ ತಿಳಿದಿತ್ತೋ ಏನೋ.

ಮನೆಯಲ್ಲಿ ಆ ರಾತ್ರಿ ರೊಟ್ಟಿ ಬಡಿಯುತ್ತ ಕುಳಿತಾಗ ಮಗಳು ಬಾಗಿಲಿಗೆ ಆತು ನಿಂತು ಕೇಳಿದಳು. ‘ಅವ್ವ, ನೀ ನೋಡಿದ್ದಿಲ್ಲ?’

‘ನೋಡೀನಿ.’

‘ಮುಟ್ಟಿದ್ದೆ ಹೌದಿಲ್ಲೋ?’

‘ನನಗ ಮುಟ್ಟಿದಂಗೇ ಕಂಡದ.’

‘ಮತ್ಯಾಕ ಬರೀಲಿಲ್ಲ? ಬ್ಯಾರೆಯವರ ಪೋರಿ ಇದ್ದಿದ್ರ ಬರೀತಿದ್ದಿ.’

ನಾನು ಎದ್ದು, ನನ್ನ ಚೀಲದಿಂದ ಹಾಳೆಯ ಪ್ರತಿ ತೆಗೆದು ಅವಳ ಮುಂದಿಟ್ಟೆ. ಆ ಪಂದ್ಯದಲ್ಲಿ ಅಡ್ಡಗೆರೆ ಎಳೆದ ಖಾನೆ ಇನ್ನೂ ಎರಡಿದ್ದವು. ಎರಡರಲ್ಲೂ ಅಂಪೈರನ್ನು ಕೇಳಿಯೇ ಎಳೆದದ್ದು, ಒಂದು ಎದುರು ತಂಡದವಳದು, ಇನ್ನೊಂದು ಅದೇ ಗಡಿಯಾರದ ಹುಡುಗಿಯದು. ಅವಳು ಹಾಳೆಯನ್ನು ದೀಪದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ, ‘ಆ ಎರಡು ನೀ ನೋಡಿದ್ದಿಲ್ಲ. ನಂದು ನೋಡಿದ್ದಿ’ ಎಂದು ಒಳಗೆ ಹೋದಳು. ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ಶೇಂಗಾ ಹಿಂಡಿಗೆ ಉಪ್ಪು ಹೆಚ್ಚಾಗಿದೆ ಎಂದು ಹೇಳುವ ನೆಪದಲ್ಲಿ ಶುರು ಮಾಡಿದಳು.

ಅವಳೀಗ ಕಲಬುರಗಿಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಳೆ. ದಿನವೆಲ್ಲ ಖಾನೆಗಳನ್ನೇ ತಾಳೆ ನೋಡುವ ಉದ್ಯೋಗ! ಆ ಮಾತು ಈಗಲೂ ನಮ್ಮ ನಡುವೆ ಬರುತ್ತದೆ. ಅವಳ ವಾದ ಅವಳಿಗೆ. ಕಂಡದ್ದನ್ನು ಕಾಣಲಿಲ್ಲ ಎಂದ ಹಾಗೆ ಮಾಡಿದೆ ಎನ್ನುತ್ತಾಳೆ. ನಾನು ಬಿಟ್ಟುಕೊಡುವುದಿಲ್ಲ. ನಾನು ಕಾಣಲಿಲ್ಲ ಎಂದು ಬರೆಯಲಿಲ್ಲ, ಅಂಪೈರ್ ಕೊಟ್ಟದ್ದನ್ನು ಬರೆದೆ. ಮತ್ತೆ ಅಂಥ ಸಂಜೆ ಬಂದರೆ ಅದನ್ನೇ ಬರೆಯುತ್ತೇನೆ. ಆದರೆ ಆ ಸಂಜೆ ಅವಳನ್ನೂ ನನ್ನನ್ನೂ ಎದುರುಬದುರು ಕೂಡಿಸಿದ್ದು ಯಾರು, ಯಾಕೆ ಎಂಬ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ.

ನೋಡಿ, ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಕೆಲಸಕ್ಕೆ ಹೋಗುವಾಗ ನಮ್ಮ ಮಕ್ಕಳು, ಹತ್ತಿರದ ಸಂಬಂಧಿಕರು ಯಾರೂ ಆ ಕೇಂದ್ರದಲ್ಲಿ ಪರೀಕ್ಷೆ ಬರೆಯುತ್ತಿಲ್ಲ ಎಂದು ನಾವು ಬರೆದುಕೊಡಬೇಕು. ಉತ್ತರ ಪತ್ರಿಕೆಗಳು ಬೇರೆ ಜಿಲ್ಲೆಗೆ ಹೋಗುತ್ತವೆ. ನನ್ನ ಪ್ರಾಮಾಣಿಕತೆಯನ್ನು ಅನುಮಾನಿಸಿದರು ಎಂದು ಯಾವ ಟೀಚರೂ ಅಳುವುದಿಲ್ಲ. ಕ್ರಿಕೆಟ್ಟಿನಲ್ಲೂ ಹಾಗೇ ಆಯಿತು. ಮೊದಲು ಯಾವ ದೇಶದಲ್ಲಿ ಆಟವೋ ಆ ದೇಶದವರೇ ಅಂಪೈರ್. ನಮ್ಮವರ ಅಂಪೈರ್ ಕಣ್ಣಿಗೆ ನಮ್ಮವರ ಔಟು ಕಾಣುವುದಿಲ್ಲ ಎಂದು ಪ್ರತಿ ದೇಶವೂ ಇನ್ನೊಂದನ್ನು ದೂರುತ್ತಿತ್ತು. 1986ರಲ್ಲಿ ಲಾಹೋರಿನಲ್ಲಿ ಪಾಕಿಸ್ತಾನಕ್ಕೂ ವೆಸ್ಟ್ ಇಂಡೀಸಿಗೂ ನಡೆದ ಟೆಸ್ಟಿನಲ್ಲಿ ನಮ್ಮ ದೇಶದ ವಿ. ಕೆ. ರಾಮಸ್ವಾಮಿ ಮತ್ತು ಪೀಲೂ ರಿಪೋರ್ಟರ್ ನಿಂತರು. ಭಾರತದವರನ್ನು ಪಾಕಿಸ್ತಾನದವರು ಕರೆಸಿಕೊಂಡರು, ಯೋಚಿಸಿ! 1994ರಿಂದ ಟೆಸ್ಟಿಗೆ ಒಬ್ಬ ಅಂಪೈರ್ ಹೊರದೇಶದವರು, 2002ರಿಂದ ಇಬ್ಬರೂ. 2020ರಲ್ಲಿ ಕೊರೋನಾದಿಂದ ಓಡಾಟ ನಿಂತಾಗ ಮಾತ್ರ ಸ್ಥಳೀಯರನ್ನು ಮತ್ತೆ ನಿಲ್ಲಿಸಬೇಕಾಯಿತು. ಅವರೆಲ್ಲ ಸಂಬಳ ತೆಗೆದುಕೊಳ್ಳುವ, ನುರಿತ ಗಂಡಸರು. ಅವರ ಕಣ್ಣಿಗೇ ಇಷ್ಟು ಏರ್ಪಾಡು ಬೇಕಾದರೆ ಹೊಲದಿಂದ ಓಡಿ ಬಂದ ತಾಯಿಯ ಕಣ್ಣನ್ನು ನಾವು ಯಾಕೆ ಪರೀಕ್ಷೆಗೆ ಒಡ್ಡಬೇಕು?

ಮರುವರ್ಷದ ಸಭೆಯಲ್ಲಿ ನಾನು ಎರಡು ಮಾತು ಹೇಳಿದೆ. ಒಂದು, ಆಡುವ ಎರಡೂ ಶಾಲೆಗೆ ಸೇರದ ಟೀಚರು ಸ್ಕೋರ್ ಬರೆಯಲಿ. ಹಿಂದಿನ ಪಂದ್ಯದಲ್ಲಿ ಸೋತ ಶಾಲೆಯ ಟೀಚರು ಹೇಗೂ ಅಲ್ಲೇ ಇರುತ್ತಾರೆ, ಸೋತ ಬೇಸರವೂ ಸ್ವಲ್ಪ ಮರೆತ ಹಾಗಾಗುತ್ತದೆ. ಎರಡು, ಅಂಪೈರ್ ಔಟ್ ಕೊಟ್ಟ ಕೂಡಲೇ ಚೇಸರಿನ ನಂಬರನ್ನು ಇಲ್ಲವೇ ‘ಗೆರೆ’ ಎಂಬುದನ್ನು ಗಟ್ಟಿಯಾಗಿ ಕೂಗಿ ಹೇಳಲಿ, ಆಗ ಖಾನೆ ಸ್ಕೋರರಿನ ಮರ್ಜಿಗೆ ಉಳಿಯುವುದಿಲ್ಲ. ಮೊದಲನೆಯದಕ್ಕೆ ಒಪ್ಪಿದರು. ಎರಡನೆಯದಕ್ಕೆ ಮಾಸ್ತರರೊಬ್ಬರು, ‘ಸೀಟಿ ಊದೋದ, ಒದರೋದ, ಎಷ್ಟ್ ಮಾಡಬೇಕ್ರಿ ಬಾಯಿ?’ ಎಂದು ಗೊಣಗಿದರು. ಗೊಣಗುತ್ತಲೇ ಒದರಲು ಕಲಿತರು. ತಾಯಂದಿರು ಈಗಲೂ ಮೇಜಿನ ಹಿಂದೆ ಬಂದು ನಿಲ್ಲುತ್ತಾರೆ, ಆದರೆ ಜಗಳವನ್ನು ಅಂಪೈರಿನ ಜೊತೆ ಆಡುತ್ತಾರೆ. ಅವರ ಗಂಟಲು ದೊಡ್ಡದು, ತಡೆದುಕೊಳ್ಳುತ್ತಾರೆ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆದಾಗ ನಮ್ಮ ಹುಡುಗಿಯರ ಜೊತೆ ಟಿವಿಯಲ್ಲಿ ನೋಡಿದೆ. ಫೈನಲಿನಲ್ಲಿ ನಮ್ಮ ಮಹಿಳೆಯರು ನೇಪಾಳವನ್ನು 78–40ರಿಂದ ಸೋಲಿಸಿದರು. ನಮ್ಮ ಕೂಟಗಳಲ್ಲಿ ಹತ್ತು ಅಂಕ ದಾಟಿದರೆ ದೊಡ್ಡದು, ಎಪ್ಪತ್ತೆಂಟು ಹೇಗೆ ಎಂದು ಹುಡುಗಿಯರು ಬೆರಗಾದರು. ಅಲ್ಲಿ ಒಂದು ಔಟಿಗೆ ಒಂದೇ ಅಂಕವಲ್ಲ, ಬೇರೆ ಲೆಕ್ಕ ಎಂದು ತಿಳಿಹೇಳಿದೆ. ಸುತ್ತ ಕ್ಯಾಮೆರಾಗಳಿದ್ದವು. ನನ್ನ ಕಣ್ಣು ಮಾತ್ರ ರೂಢಿಯಂತೆ ಆಟಗಾರ್ತಿಯರನ್ನು ಬಿಟ್ಟು ಸ್ಕೋರ್ ಮೇಜು ಎಲ್ಲಿದೆ ಎಂದು ಹುಡುಕುತ್ತಿತ್ತು.

ತಮ್ಮನ ಹೆಂಡತಿಗೂ ನಮ್ಮ ಏರ್ಪಾಡನ್ನು ಹೇಳಿದ್ದೆ. ಅಲ್ಲಿ ಮೂರನೇ ಶಾಲೆಯವರು ಸಿಗುವುದಿಲ್ಲ, ಎಲ್ಲರಿಗೂ ಅವರವರ ಮಕ್ಕಳದೇ ಆಟ. ಅದಕ್ಕೆ ಅವಳು ಎದುರು ತಂಡದ ತಾಯಿಯ ಜೊತೆ ಪುಸ್ತಕ ಅದಲುಬದಲು ಮಾಡಿಕೊಂಡಿದ್ದಾಳೆ. ಇವಳ ಮಗಳ ಹಿಟ್ ಅವಳು ಬರೆಯುತ್ತಾಳೆ, ಅವಳ ಮಗಳದನ್ನು ಇವಳು. ಆದರೂ ಅಭ್ಯಾಸ ಬಿಡಲಾರದೆ ತಮ್ಮ ತಮ್ಮ ಮಗಳದನ್ನು ಒಂದು ಚೀಟಿಯಲ್ಲಿ ಗುಟ್ಟಾಗಿ ಬರೆದುಕೊಳ್ಳುತ್ತಾರಂತೆ. ಹೋದ ಶನಿವಾರ ಆಟ ಮುಗಿದ ಮೇಲೆ ಇಬ್ಬರೂ ಗುಟ್ಟು ಹೊರಗೆ ತೆಗೆದು, ಕಾರಿನ ಮೇಲೆ ಚೀಟಿ ಹರವಿ ತಾಳೆ ನೋಡಿದರು. ಐದು ಕಡೆ ಕೂಡಲಿಲ್ಲ. ಮೂರು ಇವಳ ಮಗಳದು, ಎರಡು ಅವಳ ಮಗಳದು. ಹುಡುಗಿಯರಿಬ್ಬರೂ ಅಷ್ಟೊತ್ತಿಗೆ ಐಸ್‌ಕ್ರೀಮ್ ಗಾಡಿಯ ಮುಂದೆ ಸರದಿಯಲ್ಲಿ ನಿಂತಿದ್ದರಂತೆ, ಒಬ್ಬರ ಹಿಂದೆ ಒಬ್ಬರು.